ಮಿಲ್ಲಿನ ಸದ್ದಿನಲ್ಲಿ ಕೂರುವ ನಂದನ್

ನಂದನನ್ನು ನಾನು ಮೊದಲು ನೋಡಿದ್ದು ನಮ್ಮ ಹಿಟ್ಟಿನ ಮಿಲ್ಲಿನಲ್ಲಿ. ಯುಗಾದಿ ಹತ್ತಿರ ಬಂದಿತ್ತು, ವಸ್ತಾರೆಯ ಅರ್ಧ ಊರು ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿತ್ತು. ರಾಗಿಗೊಂದು, ಅಕ್ಕಿಗೊಂದು, ಮೆಣಸಿನಕಾಯಿಗೊಂದು ಎಂದು ಮೂರು ಮಿಷನ್ನೂ ಓಡುತ್ತಿದ್ದವು. ನನ್ನ ಯಜಮಾನರು ಸಿದ್ದಬಸಪ್ಪನವರು ರಾಗಿ ಕಲ್ಲಿನ ಪಕ್ಕ, ನಾನು ತಕ್ಕಡಿಯ ಪಕ್ಕ. ಆಗ ಮೀಸೆ ಚಿಗುರಿದ ಹುಡುಗನೊಬ್ಬ ಹೆಗಲ ಮೇಲಿನ ಚೀಲವನ್ನು ಅಂಗಳದಲ್ಲೇ ಕೆಡವಿ ಒಳಗೆ ನುಗ್ಗಿದ.

"ನಿಲ್ಸಿ, ನಿಲ್ಸಿ! ಕಲ್ಲಿಗೆ ಕಲ್ಲು ತಾಗ್ತೈತೆ!"

ಯಜಮಾನರು ಅವನ ಮುಖ ನೋಡಿ ನಕ್ಕರು. ಯಾರು ಏನು ಹೇಳಿದರೂ ಅವರು ಮೊದಲು ನಗುತ್ತಿದ್ದರು. ನಾನು ಎರಡು ಮುಷ್ಟಿಯನ್ನು ಒಂದಕ್ಕೊಂದು ತಾಗಿಸಿ ತೋರಿಸಿದೆ. ನಮ್ಮಿಬ್ಬರಲ್ಲಿ ಅದು ನಿಲ್ಲಿಸಿ ಎನ್ನುವ ಸನ್ನೆ. ಅವರು ಸ್ವಿಚ್ಚು ಆರಿಸಿದರು. ಹತ್ತಿ ನೋಡಿದರೆ, ಮೇಲಿನ ಡಬ್ಬದ ಬಾಯಿಗೆ ಹಸಿ ರಾಗಿ ಕಟ್ಟಿಕೊಂಡು ಕೆಳಗೆ ಕಾಳೇ ಇಳಿಯುತ್ತಿರಲಿಲ್ಲ. ಬರಿಗಲ್ಲು ತಿರುಗುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಕಲ್ಲು ಹಾಳಾಗುತ್ತಿತ್ತು.

"ಮೂರು ಮಿಷನ್ ಓಡ್ತಿದ್ವಲ್ಲೋ, ಹೊರಗಿದ್ದೋನಿಗೆ ಹೆಂಗೆ ಗೊತ್ತಾಯ್ತು ಮಾರಾಯ?" ಎಂದು ಕೇಳಿದೆ.

"ಕೇಳಿಸ್ತು ಮಿಲ್ಲಮ್ಮಾರೆ. ಕಾಳಿರೋವಾಗಿನ ಸದ್ದೇ ಬೇರೆ, ಬರೀ ಕಲ್ಲಿನ ಸದ್ದೇ ಬೇರೆ."

ಊರಿನಲ್ಲಿ ನನ್ನನ್ನು ಮಿಲ್ಲಮ್ಮ ಎಂದೇ ಕರೆಯುವುದು. ಸಿದ್ದಗಂಗಮ್ಮ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ.

ಯಜಮಾನರ ಕಿವಿ ಹೋಗಿ ಆಗಲೇ ವರ್ಷಗಳಾಗಿದ್ದವು. ಹಗಲೆಲ್ಲ ಮಿಲ್ಲಿನ ಸದ್ದಿನಲ್ಲಿ ನಿಂತವರಿಗೆ ಅದು ಬರುತ್ತದೆ. ಒಂದೇ ಸಲಕ್ಕೆ ಹೋಗುವುದಿಲ್ಲ. ಮೊದಲು ಹಕ್ಕಿಗಳ ಕೂಗು ಹೋಯಿತು. ಆಮೇಲೆ ಮಕ್ಕಳ ಮಾತು, ಆಮೇಲೆ ನನ್ನ ಮಾತು. ಗಂಡಸರ ದಪ್ಪ ದನಿ ಮಾತ್ರ ಕಡೆಯ ತನಕ ಒಂದಿಷ್ಟು ಉಳಿದಿತ್ತು. ಹಾಗಾಗಿ ನಾವಿಬ್ಬರು ಕೈಸನ್ನೆಯಲ್ಲೇ ಸಂಸಾರ ಮಾಡಿದೆವು. ಬೆರಳ ತುದಿ ಉಜ್ಜಿದರೆ ನುಣ್ಣಗೆ, ಅಂಗೈ ಒರೆಸಿದರೆ ತರಿತರಿ, ಹೆಬ್ಬೆರಳನ್ನು ತುಟಿಗೆ ತಂದರೆ ಕಾಫಿ, ಅಂಗೈಯನ್ನು ಕೆಳಗೆ ಒತ್ತಿದರೆ ಕೂತುಕೊಳ್ಳಿ. ಮಿಲ್ಲಿಗೆ ಬರುವವರೂ ಅಷ್ಟಿಷ್ಟು ಕಲಿತಿದ್ದರು.

ನಂದನ್ ಮೇಲಿನ ಕೇರಿಯ ಮಂಜಯ್ಯನವರ ಮಗ. ಎರಡು ಎಕರೆ ಕಾಫಿ, ನಾಲ್ಕು ದನ. ತಾಯಿ ಶಂಕರಮ್ಮ ಸಂಜೆ ಗುಡ್ಡದ ತುದಿಯಲ್ಲಿ ನಿಂತು ದನ ಕರೆದರೆ ನಮ್ಮ ಮಿಲ್ಲಿನ ಅಂಗಳಕ್ಕೆ ಕೇಳುತ್ತಿತ್ತು. ಎತ್ತರದ ದನಿ, ಕೊನೆಗೆ ಒಂದು ಮಡಿಕೆ ಬೀಳುತ್ತಿತ್ತು. ದನ ಇಲ್ಲದವರೂ ಆ ಹೊತ್ತಿಗೆ ಕೈಕೆಲಸ ನಿಲ್ಲಿಸುತ್ತಿದ್ದರು. ಮಗನಿಗೆ ಕಿವಿ ಬಂದದ್ದು ಅವಳಿಂದಲೇ ಇರಬೇಕು. ಕಾಜಾಣ ಬೇರೆ ಹಕ್ಕಿಗಳನ್ನು ಅಣಕಿಸುತ್ತದೆ. ಇವನು ಕಾಜಾಣವನ್ನೇ ಅಣಕಿಸುತ್ತಿದ್ದ.

ಮರುವರ್ಷ ಅವನು ಮಿಲಿಟರಿಗೆ ಸೇರಿದ. ಫಿರಂಗಿ ಹೊಡೆಯುವ ದಳ. ಮೊದಲ ರಜೆಗೆ ಬಂದಾಗ ಜೇಬಿನಲ್ಲಿ ಒಂದು ಮೌತ್ ಆರ್ಗನ್ ಇತ್ತು. ನಮ್ಮ ಮಿಲ್ಲಿನ ಜಗಲಿಯಲ್ಲಿ ಕೂತು, ಕರೆಂಟು ಹೋಗಿದ್ದಾಗೆಲ್ಲ ನುಡಿಸುತ್ತಿದ್ದ. ಪಕ್ಕದ ಹೋಟೆಲಿನ ಏಕಾಂತಪ್ಪ ಬಾಗಿಲಿಗೆ ಬಂದು, "ಗಡಿ ಕಾಯೋಕೆ ಕಳಿಸಿದ್ರೆ ಪೀಪಿ ಊದೋದು ಕಲ್ತು ಬಂದಿದಾನಲ್ರೀ! ಅಲ್ಲೋ, ಬಂದೂಕು ಕೊಟ್ಟಿಲ್ವೇನೋ ನಿಂಗೆ?" ಎಂದು ರೇಗಿಸುತ್ತಿದ್ದ.

"ಕೊಟ್ಟವ್ರೆ ಏಕಾಂತಣ್ಣ, ಅದನ್ನ ಊದಕ್ಕಾಗಲ್ಲ ನೋಡಿ" ಎನ್ನುತ್ತಿದ್ದ ಇವನು.

ನನ್ನ ಯಜಮಾನರು ತೀರಿಕೊಂಡ ಸುದ್ದಿ ಅವನಿಗೆ ಮುಟ್ಟಿದ್ದು ಮಂಜು ಬೀಳುವ ಯಾವುದೋ ಬೆಟ್ಟದಲ್ಲಿ. ಮುಂದಿನ ರಜೆಯಲ್ಲಿ ಬಂದು ರಾಗಿ ಕಲ್ಲಿಗೆ ಕೈ ಮುಗಿದು ಹೋದ. ಮಿಲ್ಲನ್ನು ನಾನೊಬ್ಬಳೇ ನಡೆಸತೊಡಗಿದೆ.

ಆಮೇಲೆ ಅವನ ಸಮಾಚಾರ ನಮಗೆಲ್ಲ ಫೋನಿನಲ್ಲೇ. ಅವನು ಸ್ಟೇಟಸ್ ಹಾಕುವುದು, ಏಕಾಂತಪ್ಪ ಅದನ್ನು ಹೋಟೆಲಿನಲ್ಲಿ ದೊಡ್ಡದಾಗಿ ಓದುವುದು. ಆಲ್ದೂರು ಕಡೆಯ ರೂಪಶ್ರೀ ಜೊತೆ ಮದುವೆ ಗೊತ್ತಾದದ್ದು, ತೋಳಿಗೆ ಬಡ್ತಿಯ ಎರಡನೇ ಪಟ್ಟಿ ಬಂದದ್ದು, ಮಗಳು ಹುಟ್ಟಿದ್ದು, ಎಲ್ಲವೂ ಹಾಗೆ. ಹೊಸ ಹೊಸ ಹವ್ಯಾಸಗಳೂ ಹಾಗೆಯೇ. ಒಂದು ವರ್ಷ ಮೌತ್ ಆರ್ಗನ್ ಇರಲಿಲ್ಲ, ಕ್ಯಾಮೆರಾ ಇತ್ತು. ಹಕ್ಕಿಗಳ ಚಂದದ ಫೋಟೋ ತೆಗೆದು ಹಾಕುತ್ತಿದ್ದ. ಇನ್ನೊಂದು ವರ್ಷ ಕಾಫಿ ಗಿಡದ ಬೇರು ಕೆತ್ತಿ ದೊಣ್ಣೆ, ಗೊಂಬೆ ಮಾಡಿದ. "ಮುಂದಿನ ವರ್ಷ ಸ್ವೆಟರ್ ಹೆಣೀತಾನೆ ನೋಡ್ತಾ ಇರಿ" ಎಂದು ಏಕಾಂತಪ್ಪ ನಗಾಡಿದ. ಮುಂದಿನ ವರ್ಷ ನಂದನ್ ನಿಜವಾಗಿಯೂ ಮಗಳಿಗೆ ಕೆಂಪು ಸ್ವೆಟರ್ ಹೆಣೆದುಕೊಂಡು ಬಂದ. ಹೋಟೆಲಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ ನಕ್ಕ.

ನಾನು ಆ ನಗುವನ್ನು ಯಜಮಾನರಲ್ಲಿ ನೋಡಿದವಳು. ಇಪ್ಪತ್ತು ವರ್ಷ ಅದರ ಜೊತೆ ಉಂಡು ಮಲಗಿದವಳು.

ಆ ರಜೆಯಲ್ಲಿ ಅವನು ದಿನಾ ಮಿಲ್ಲಿಗೆ ಬಂದ. ಅಕ್ಕಿ ಇಲ್ಲ, ರಾಗಿ ಇಲ್ಲ, ಸುಮ್ಮನೆ ಬಂದು ಕಲ್ಲಿನ ಪಕ್ಕದ ಮಣೆಯ ಮೇಲೆ ಕೂರುವುದು. ಚೀಲ ಎತ್ತಿಕೊಡುವುದು, ಸನ್ನೆ ನೋಡಿ ಕಲ್ಲು ಬಿಗಿ ಮಾಡುವುದು. "ನಿಮ್ಮ ನಂದನಿಗೆ ಈ ಸಲ ಮಿಲ್ಲಿನ ಹುಚ್ಚು" ಎಂದರು ಜನ. ನನಗೆ ಬೇರೆಯೇ ಅನ್ನಿಸಿತು. ಮಿಷನ್ ಓಡುವಾಗ ಮಿಲ್ಲಿನೊಳಗೆ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಅಲ್ಲಿ ಎಲ್ಲರೂ ಒಂದೇ.

ಒಂದು ಮಧ್ಯಾಹ್ನ ಕರೆಂಟು ಹೋಯಿತು, ಗಿರಾಕಿಗಳು ಹೋಟೆಲಿಗೆ ಹೋದರು. ನಾನು ಅವನಿಗೆ ಬೆನ್ನು ಹಾಕಿ ಹಿಟ್ಟು ಗುಡಿಸುತ್ತಾ, "ನಂದ, ಹಿಂದೆ ಹಾವಿದೆ ಕಣೋ" ಎಂದೆ. ತಿರುಗಿ ನೋಡಿದರೆ ಆರಾಮಾಗಿ ಕಾಲು ಚಾಚಿ ಕೂತಿದ್ದ. ನಾನು ಎದುರಿಗೆ ಹೋಗಿ ನಿಂತು, ನನ್ನ ಕಿವಿ ಮುಟ್ಟಿಕೊಂಡು ಅಂಗೈ ಅಲ್ಲಾಡಿಸಿದೆ. ಅವನು ಚಾಚಿದ್ದ ಕಾಲನ್ನು ಎಳೆದುಕೊಂಡ.

"ಎಷ್ಟು ದಿವ್ಸದಿಂದ?"

ನನ್ನ ತುಟಿ ನೋಡಿಯೇ ಹೇಳಿದ, "ಎಡಗಿವಿ ಮೂರು ವರ್ಷ ಆಯ್ತು. ಬಲದ್ದು ಈಗ ಹೋಗ್ತಾ ಐತೆ. ಕಿವಿಗೆ ತುರುಕೋದು ಕೊಡ್ತಾರೆ, ಮಿಲ್ಲಮ್ಮಾರೆ. ಒಂದಿನ ಹೊಡೆಯೋವಾಗ ಬಿದ್ದೋಯ್ತು. ಎತ್ಕೊಳ್ಳೋಕೆ ಹೋದ್ರೆ ಫಿರಂಗಿ ಬಿಟ್ಟು ಹೋದ ಅಂತಾರಲ್ಲ ಅಂತ ನಿಂತೆ."

"ಡಾಕ್ಟ್ರಿಗೆ ಹೇಳು."

"ಹೇಳಿದ್ರೆ ಫಿರಂಗಿಯಿಂದ ತೆಗೆದು ಸ್ಟೋರಿಗೆ ಹಾಕ್ತಾರೆ. ಆಲೂಗಡ್ಡೆ ಕಾಯ್ಬೇಕು. ಮೂರನೇ ಪಟ್ಟಿ ಬರೋಕೆ ಇನ್ನೊಂದೇ ವರ್ಷ. ಪಟ್ಟಿ ಬಂದ್ರೆ ಆ ಫಿರಂಗಿ ನಂದು, ಅದಕ್ಕೆ ನಾನೇ ಯಜಮಾನ."

"ತಪಾಸಣೆ ಮಾಡಲ್ವಾ ನಿಮಗೆ?"

"ಮಾಡ್ತಾರೆ. ಬೆನ್ನ ಹಿಂದೆ ನಿಂತು ಪಿಸುಮಾತಲ್ಲಿ ಅಂಕಿ ಹೇಳ್ತಾರೆ. ಎದುರಿಗೆ ಔಷಧಿ ಬೀರು ಐತೆ, ಗಾಜಿಂದು. ಅದ್ರಲ್ಲಿ ತುಟಿ ಕಾಣ್ತೈತೆ." ಹೇಳಿ ಸ್ವಲ್ಪ ಹೆಮ್ಮೆಯಿಂದಲೇ ನಕ್ಕ.

ನಾನು ನಗಲಿಲ್ಲ. "ನಮ್ಮ ಯಜಮಾನ್ರಿಗೆ ಕೇಳ್ದೆ ಹೋದ್ರೆ ಕಲ್ಲು ಹಾಳಾಗ್ತಿತ್ತು. ನಿನಗೆ ಕೇಳ್ದೆ ಹೋದ್ರೆ ಏನು ಹಾಳಾಗುತ್ತೆ, ಯೋಚ್ನೆ ಮಾಡಿದೀಯಾ?" ಎಂದೆ.

ನನ್ನ ತುಟಿಯಲ್ಲಿ ಆ ಮಾತು ಅವನಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. "ರೂಪಂಗೆ ಹೇಳ್ಬೇಡಿ" ಎಂದ. ರೂಪಶ್ರೀಗೆ ಹೇಳುವ ಅಗತ್ಯ ಇರಲಿಲ್ಲ. ಗಂಡ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟು ಬರೀ ಬರೆದು ಕಳಿಸತೊಡಗಿದಾಗಲೇ ಅವಳಿಗೆ ತಿಳಿದಿತ್ತು. ಅವಳೂ ಮೂರನೇ ಪಟ್ಟಿಗೆ ಕಾಯುತ್ತಿದ್ದಳು.

ಪಟ್ಟಿ ಬಂತು. ಸ್ಟೇಟಸ್ಸಿನಲ್ಲಿ ಫೋಟೋ ಬಂತು: ಫಿರಂಗಿಯ ಮೇಲೆ ಕೈಯಿಟ್ಟು ನಿಂತಿದ್ದಾನೆ, ತೋಳಲ್ಲಿ ಮೂರು ಗೆರೆ. ಏಕಾಂತಪ್ಪ ಅವತ್ತು ಬಂದವರಿಗೆಲ್ಲ ಪುಕ್ಕಟೆ ಕಾಫಿ ಕೊಟ್ಟ. ಆ ಸಂತೋಷ ನೋಡಲು ಶಂಕರಮ್ಮ ಇರಲಿಲ್ಲ, ಹಿಂದಿನ ಮಳೆಗಾಲದಲ್ಲೇ ಹೋಗಿದ್ದಳು. ಮಂಜಯ್ಯನವರು ಫೋನನ್ನು ಅವಳ ಫೋಟೋದ ಮುಂದೆ ಹಿಡಿದು ತೋರಿಸಿದರಂತೆ.

ಅದೇ ಕೊನೆಯ ಸ್ಟೇಟಸ್ಸು. ಆಮೇಲೆ ಬಹಳ ದಿನ ಏನೂ ಬರಲಿಲ್ಲ. ಕಾಫಿ ಹೂವಾಗುವ ಕಾಲದಲ್ಲಿ ನಂದನ್ ತಾನೇ ಬಂದ. ರಜೆ ಅಲ್ಲ, ಟ್ರಂಕು ಸಮೇತ ಬಂದ. ಎರಡು ದಿನ ಮನೆ ಬಿಟ್ಟು ಹೊರಗೆ ಬರಲಿಲ್ಲ. ಮೂರನೇ ದಿನ ಮಿಲ್ಲು ನಿಲ್ಲಿಸುವ ಹೊತ್ತಿಗೆ ಬಂದು ಮಣೆಯ ಮೇಲೆ ಕೂತ.

ನಡೆದದ್ದು ಹೀಗೆ. ಯುದ್ಧವಲ್ಲ, ಅಭ್ಯಾಸ. ಫಿರಂಗಿಗೆ ಗುಂಡು ತುಂಬುವವನು ಶಿವಮೊಗ್ಗ ಕಡೆಯ ಬಸವರಾಜಪ್ಪ ಅಂತ, ನಂದನನ ಕೈಕೆಳಗಿನವನು. ಗುಂಡು ಸರಿಯಾಗಿ ಕೂರದೆ ಅವನು ಮತ್ತೆ ಒಳಗೆ ಕೈ ಹಾಕಿದ, "ತಡೀರಿ" ಎಂದು ಕೂಗಿದ. ನಂದನ್ ಮುಂದೆ ನೋಡುತ್ತಿದ್ದ. ಫಿರಂಗಿಯ ಹಿಂಬಾಗಿಲು ಮುಚ್ಚು ಎಂದು ಕೈ ಮಾಡಿದ. ಮೇಲಿನವನ ಹುಕುಂ ಎಂದು ಮುಚ್ಚುವವನು ಮುಚ್ಚಿದ. ಬಸವರಾಜಪ್ಪನ ನಾಲ್ಕು ಬೆರಳು ಹೋದವು.

"ಮೂರು ಸಲ ಕೂಗಿದ್ನಂತೆ ಮಿಲ್ಲಮ್ಮಾರೆ. ಅಲ್ಲಿದ್ದೋರಿಗೆಲ್ಲ ಕೇಳಿಸ್ತಂತೆ. ನಾನೇ ಸಾಹೇಬ್ರ ಮುಂದೆ ಹೋಗಿ, ನಂಗೆ ಕಿವಿ ಕೇಳಲ್ಲ ಅಂತ ಹೇಳ್ದೆ. ಇಲ್ದಿದ್ರೆ ಮುಚ್ಚಿದೋನ ತಲೆ ಮೇಲೆ ಬರ್ತಿತ್ತು."

ತಾನು ಮೆಲ್ಲಗೆ ಮಾತಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಯಜಮಾನರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಗೋಡೆಯಾಚೆ ಹೋಟೆಲಿನಲ್ಲಿ ಲೋಟದ ಸದ್ದು ನಿಂತಿತ್ತು. ಮರುದಿನದಿಂದ ಏಕಾಂತಪ್ಪ ಅವನನ್ನು ರೇಗಿಸುವುದನ್ನು ಬಿಟ್ಟ. ಆ ಮರ್ಯಾದೆಗಿಂತ ತಮಾಷೆಯೇ ವಾಸಿಯಿತ್ತು.

ನಂದನ್ ಚಿಕ್ಕಮಗಳೂರಿಗೆ ಹೋಗಿ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದ. ರೂಪಶ್ರೀ ಮಗಳು ತನುಜಾಳನ್ನು ಎದುರಿಗೆ ಕೂರಿಸಿ, "ಅಪ್ಪಾ ಅನ್ನು" ಎಂದಳಂತೆ. ಮಗು ಅಂದಿತಂತೆ. ಮತ್ತೆ ಅಂದಿತಂತೆ. ಅವನು ಮಿಷನ್ ಕಿತ್ತು ಮೇಜಿನ ಮೇಲಿಟ್ಟ.

"ಏನು ಕೇಳಿಸ್ತೋ?" ಎಂದು ನಾನು ಕೇಳಿದೆ.

"ಅವತ್ತಿನ ಸದ್ದು. ಕಾಳಿಲ್ದೆ ಕಲ್ಲು ತಿರುಗ್ತಿತ್ತಲ್ಲ, ಅದು."

ತನುಜಾಳಿಗೆ ಈಗ ಆರು ವರ್ಷ. ಅಪ್ಪನ ಜೊತೆ ಅವಳೂ ಮಿಲ್ಲಿಗೆ ಬರುತ್ತಾಳೆ. ಯಾರೂ ಹೇಳಿಕೊಡದೆ ನಮ್ಮ ಸನ್ನೆಗಳನ್ನೆಲ್ಲ ಕಲಿತಳು. ಅಪ್ಪನಿಗೆ ಕಾಫಿ ಬೇಕಾ ಎಂದು ಹೆಬ್ಬೆರಳನ್ನು ತುಟಿಗೆ ತಂದು ಕೇಳುತ್ತಾಳೆ. ಕೂತುಕೋ ಎಂದು ಅಂಗೈ ಒತ್ತುತ್ತಾಳೆ. ನನ್ನ ಹತ್ತಿರ, ಏಕಾಂತಪ್ಪನ ಹತ್ತಿರ, ಬೆಕ್ಕಿನ ಹತ್ತಿರ ಬಾಯಿ ನೋಯುವಷ್ಟು ಮಾತಾಡುತ್ತಾಳೆ. ಅಪ್ಪನ ಕಡೆ ತಿರುಗಿದರೆ ಬಾಯಿ ಮುಚ್ಚಿ ಕೈ ಎತ್ತುತ್ತಾಳೆ. ಮಕ್ಕಳಿಗೆ ಉಪಯೋಗವಿಲ್ಲದ್ದನ್ನು ಬಿಡುವುದು ಬೇಗ ಬರುತ್ತದೆ. ಅದನ್ನು ಅವನು ನೋಡುತ್ತಿದ್ದ.

ಹೋದ ದೀಪಾವಳಿಯ ಹಿಂದಿನ ದಿನ. ಅಕ್ಕಿ ಹಿಟ್ಟಿಗೆ ಜನ ತುಂಬಿದ್ದರು. ಕರೆಂಟು ಹೋಯಿತು, ಬೆಲ್ಟು ನಿಧಾನವಾಗಿ ನಿಂತಿತು. ಎಲ್ಲರೂ ಸುಮ್ಮನೆ ಕಾಯುತ್ತಿದ್ದರು. ತನುಜಾ ರಾಗಿ ಚೀಲದ ಮೇಲೆ ಕೂತು ಬೆಕ್ಕನ್ನು ತೊಡೆಯಲ್ಲಿ ಹಾಕಿಕೊಂಡು ಶಾಲೆಯ ಪದ್ಯ ಹಾಡುತ್ತಿದ್ದಳು. ನಂದನ್ ಅವಳ ತುಟಿಯನ್ನೇ ನೋಡುತ್ತಾ ನನ್ನ ಪಕ್ಕ ನಿಂತಿದ್ದ. ಆಮೇಲೆ ಬಾಗಿ ನನ್ನ ಕಿವಿಯ ಹತ್ತಿರ ಬಾಯಿ ತಂದ. ಗುಟ್ಟು ಹೇಳುವವನಂತೆ ಕೈ ಅಡ್ಡ ಹಿಡಿದಿದ್ದ.

ಅವನು ಕೇಳಿದ್ದು ರಸ್ತೆಯ ತನಕ ಕೇಳಿಸಿತು. ಮಿಲ್ಲಿನಲ್ಲಿದ್ದವರೆಲ್ಲ ತಿರುಗಿದರು. ಮಗು ಹಾಡು ನಿಲ್ಲಿಸಿ ಬೆಕ್ಕನ್ನು ಕೆಳಗೆ ಬಿಟ್ಟಿತು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ, ಮಗಳ ಮುಖ ನೋಡಿದ, ಅರ್ಥವಾಯಿತು. ಅಲ್ಲಿಂದೀಚೆಗೆ ಅವನು ಬಾಯಿ ಬಿಟ್ಟು ಯಾರನ್ನೂ ಏನನ್ನೂ ಕೇಳಿಲ್ಲ. ಇವತ್ತೂ ಬಂದಿದ್ದಾನೆ, ಕಲ್ಲಿನ ಪಕ್ಕ ಮಣೆಯ ಮೇಲೆ ಕೂತಿದ್ದಾನೆ, ಸನ್ನೆಗೆ ಸನ್ನೆ ಕೊಡುತ್ತಾನೆ. ನಮ್ಮ ಸನ್ನೆಗಳಲ್ಲಿ ನುಣ್ಣಗೆ ಇದೆ, ತರಿತರಿ ಇದೆ, ನಿಲ್ಲಿಸು ಇದೆ. ಅವನು ಅವತ್ತು ಕೇಳಿದ್ದಕ್ಕೆ ಉತ್ತರ ಕೊಡಲು ಒಂದೂ ಇಲ್ಲ. ಅವನು ಕೇಳಿದ್ದು ಇಷ್ಟೇ:

"ಮಿಲ್ಲಮ್ಮಾರೆ, ನಮ್ಮ ತನು ದನಿ ಯಾರ ಥರ ಐತೆ? ನಮ್ಮವ್ವನ ಥರಾನಾ?"