ಎಂಟನೇ ಭಾಗದ ಕುದುರೆಗಳು

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಒಂಬತ್ತನೇ ತರಗತಿಯ ನಡುವೆ. ದಡ್ಡನೆಂದು ಯಾರೂ ಬಿಡಿಸಲಿಲ್ಲ. ಅಪ್ಪನ ಸೊಂಟ ಬಿದ್ದುಹೋಗಿತ್ತು, ಮನೆಗೆ ದುಡಿಯುವ ಕೈ ಬೇಕಿತ್ತು. ಪಾಂಡವಪುರದ ಹತ್ತಿರದ ಆಲೆಮನೆಯಲ್ಲಿ ಐದು ವರ್ಷ ಕಬ್ಬು ಕಡಿದೆ, ಗಾಣಕ್ಕೆ ಕೊಟ್ಟೆ. ಅಲ್ಲಿದ್ದ ಹನ್ನೊಂದು ಜನರಲ್ಲಿ ತಡವರಿಸದೆ ಓದಬಲ್ಲವನು ನಾನೊಬ್ಬನೇ. ಆ ಹೆಮ್ಮೆ ಇತ್ತು, ಈಗಲೂ ಇದೆ.

ಕೊಪ್ಪರಿಗೆಗೆ ಕಬ್ಬಿನ ಹಾಲು ತುಂಬಿ ಒಲೆ ಹಿಡಿದ ಮೇಲೆ, ಬೆಲ್ಲದ ಪಾಕ ಬರುವವರೆಗೆ ನಾನು ಗಟ್ಟಿಯಾಗಿ ಓದಬೇಕು. ಹಾಗೊಂದು ಕ್ರಮ ಬೆಳೆದಿತ್ತು. ಪುಸ್ತಕ ಶ್ರೀರಂಗಪಟ್ಟಣದ ಬಾಡಿಗೆ ಅಂಗಡಿಯದು: ಹತ್ತು ಭಾಗಗಳ ಮಾಯಾಲೋಕದ ಕಾದಂಬರಿ. ಮೊದಲ ಭಾಗದಲ್ಲೇ ಒಬ್ಬ ರಾಣಿ ಮಗುವಿಗೆ ಹಾಲೂಡಿಸುತ್ತ ಕಲ್ಲಾಗುತ್ತಾಳೆ. ಪಾಕ ನೋಡುವ ಮುದುಕ, ನಾನು ಮಾವ ಅನ್ನುತ್ತಿದ್ದವನು, ಅದನ್ನು ಕೇಳುತ್ತ ಜೀವಮಾನದಲ್ಲಿ ಮೊದಲ ಸಲ ಪಾಕ ಸೀಯಲು ಬಿಟ್ಟ.

ನಾಲ್ಕು ಭಾಗ ಓಡಿತು. ಐದರಿಂದ ಕಥೆ ನಿಂತಿತು. ಹೊಸ ಮಂತ್ರಿ, ಅವನ ತಮ್ಮ, ತಮ್ಮನ ಗೆಳೆಯ. ಆರರಲ್ಲಿ ಒಂದು ಸೈನ್ಯ ಹೊಳೆ ದಾಟಲಿಕ್ಕೇ ಅರ್ಧ ಪುಸ್ತಕ. ರಾಣಿಯ ಸುದ್ದಿಯಿಲ್ಲ.

"ಕೂಳೆ ಕಬ್ಬು ಕಣ್ಲಾ ಇದು," ಎಂದ ಮಾವ. ಕಡಿದ ಬುಡದಿಂದಲೇ ಮತ್ತೆ ಚಿಗುರಿಸುವ ಬೆಳೆ ಅದು. "ಎಲ್ಡು ಕೂಳೆ ಬುಡ್ಬೌದು, ಆಮೇಲೆ ಕಿತ್ತಾಕ್ಬೇಕು. ಇವ್ನು ಆರ್ನೇ ಕೂಳೆ ಬುಟ್ಟವ್ನೆ. ಇಂಡುದ್ರೆ ಬರೀ ಸಿಪ್ಪೆ."

ಏಳನೆಯ ಭಾಗದ ಹೊತ್ತಿಗೆ ಮಾವನ ಗಂಟಲಲ್ಲಿ ಗಡ್ಡೆ. ಆಸ್ಪತ್ರೆಯವರು ಮನೆಗೆ ಕರೆದೊಯ್ಯಿರಿ ಎಂದರು. ನಾಗಮಂಗಲದ ಕಡೆ ಅವನ ಊರು. ಭಾನುವಾರ ಬಸ್ಸಿಗೆ ಹೋಗಿ ಜಗಲಿಯಲ್ಲಿ ಕೂತು ಓದುತ್ತಿದ್ದೆ. ಎಂಟನೆಯದನ್ನು ತೆರೆದಾಗ ಅವನು ಕೈ ಅಡ್ಡ ಹಿಡಿದ.

"ಕೊನೇ ಪುಸ್ತಕ ತಂದ್ಬುಡ್ಲಾ. ಆ ಎಣ್ಮಗ್ಳು ಎದ್ಲೋ ಇಲ್ವೋ, ಅದೊಂದ ಯೋಳು."

"ಎಂಟು ಮುಗೀಲಿ ಮಾವ. ನಾನು ಸಾಲು ಬುಟ್ಟು ಕಡಿಯೋನಲ್ಲ."

"ನಂಗೆ ಟೇಮಿಲ್ಲ ಕಣ್ಲಾ."

"ಅಂಗಾರೆ ಬಾಯ್ಮುಚ್ಕಂಡು ಕೇಳು."

ಆ ದಿನ ಓದಿದ್ದು ಕುದುರೆಗಳ ಜೀನಿನ ವರ್ಣನೆ. ಇಪ್ಪತ್ತೆರಡು ಪುಟ. ಒಂದು ಸಾಲೂ ಬಿಡಲಿಲ್ಲ. ಬಿಳಿ ಕುದುರೆ ಮುಗಿದು ಕಂದು ಕುದುರೆ ಬರುವಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮುಂದಿನ ಭಾನುವಾರದೊಳಗೆ ಸತ್ತ.

ತಿಥಿಯ ಹೊತ್ತಿಗೆ ನಾನು ಉಳಿದ ಭಾಗಗಳನ್ನು ಓದಿ ಮುಗಿಸಿದ್ದೆ. ಹತ್ತನೆಯದರ ಕೊನೆಯಲ್ಲಿ ಮಂತ್ರಿಯ ತಮ್ಮನಿಗೆ ಮದುವೆ. ರಾಣಿಯ ಮಾತೇ ಇಲ್ಲ. ಬರೆದವನು ಅವಳನ್ನು ಮರೆತೇಬಿಟ್ಟಿದ್ದ.

ಎಡೆ ಇಟ್ಟಾದ ಮೇಲೆ ಮಾವನ ಹೆಂಡತಿ ನನ್ನ ಎಲೆಯ ಮುಂದೆ ಬಂದು ನಿಂತಳು. "ಕಲ್ಲಾಗಿದ್ದೋಳು ಎದ್ಲೇನಪ್ಪ? ಮಾತು ನಿಂತೋದ್ಮೇಲೂ ಕೈಸನ್ನೇಲಿ ಅದ್ನೇ ಕೇಳ್ತಿದ್ರು."

"ಪುಸ್ತಕದಲ್ಲಿ ಬರ್ದಿಲ್ಲ ಅತ್ತೆ."

"ಬರೀದಿದ್ರೇನು? ಎದ್ಲು ಅಂತ ನೀನೇ ಅಂದ್ಬುಟ್ಟಿದ್ರೆ ಅವ್ರೇನು ಓದಿ ನೋಡ್ತಿದ್ರಾ?"

ಪಂಕ್ತಿಯಲ್ಲಿದ್ದ ನೆಂಟರು ನಕ್ಕರು. ನಾನು ಎಲೆ ಮಡಿಸಿ ಎದ್ದೆ. ಆ ಸುಳ್ಳು ನನಗೆ ಹೊಳೆದಿರಲಿಲ್ಲ ಎಂದಲ್ಲ. ಕುದುರೆಗಳ ನಡುವೆಯೇ ಹೊಳೆದಿತ್ತು. ನನ್ನ ಓದಿಗೆ ಕುಂದು ಬರುತ್ತದೆಂದು ಹೇಳಲಿಲ್ಲ.

ಈಗ ನನಗೆ ಒಂದೂವರೆ ಎಕರೆ ಕಬ್ಬಿನ ಗದ್ದೆ, ಎರಡು ಹಸು, ಅದೇ ಆಲೆಮನೆಯಲ್ಲಿ ಅರ್ಧ ಪಾಲು, ಬಾಡಿಗೆ ಅಂಗಡಿ ಮುಚ್ಚಿದಾಗ ಕೊಂಡುತಂದ ಹತ್ತು ಪುಸ್ತಕ.