ಸಮುದ್ರದಡಿಯ ಪೈಪು, ನಮ್ಮೂರ ವಾಲ್ವು

ಯಾವುದೋ ಸಮುದ್ರದ ತಳದಲ್ಲಿದ್ದ ಗ್ಯಾಸಿನ ಪೈಪನ್ನು ಒಡೆದವರು ಯಾರು ಎಂಬುದನ್ನು ನಮ್ಮೂರ ಹೋಟೆಲಿನಲ್ಲಿ ಮೂರು ದಿನ ವಿಚಾರಣೆ ಮಾಡಿದೆವು. ಮೂರೋ ನಾಲ್ಕೋ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ, ಅದಕ್ಕೇ ದಿನಚರಿ ಬರೆಯುತ್ತೇನೆ. ಯಾದಗಿರಿ ಕಡೆಯ ಸಗರದಿಂದ ಸ್ವಲ್ಪ ಆಚೆಗಿದೆ ನಮ್ಮೂರು. ನಾನು ಶಹಾಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುವವನು. ದೇಶದೇಶಗಳ ಜಗಳ ಬಂದಾಗ ಗೋಡೆಗೆ ಒರಗುವ ಜಾಗವನ್ನು ಬೆಂಚಿನ ಮೇಲೆ ನನಗೇ ಬಿಡುತ್ತಾರೆ.

ಗೊಬ್ಬರದ ಅಂಗಡಿಯ ಸಾವುಕಾರರು ಮಿರ್ಚಿ ಮುರಿಯುತ್ತಾ ತೀರ್ಪು ಕೊಟ್ಟರು. "ಯಾರಿಗ್ ಲಾಭ ಆಗ್ಯದ ನೋಡ್ರಿ, ಅವರೇ ಒಡದಾರ. ಮುಗೀತು."

"ಲಾಭ ಆದದ್ದು ಪುರಾವೆ ಅಲ್ರಿ ಸಾವ್ಕಾರ," ಎಂದೆ. "ಒಂದ್ ದೇಶದ ಪೇಪರ್ ಇನ್ನೊಂದ್ ದೇಶದ ಪೇಪರ್ ನೋಡಿ ಬರೀತದ. ಅದು ತಿರುಗಿ ಇದನ್ನೇ ಸಾಕ್ಷಿ ಅಂತ ತೋರಸ್ತದ. ಇಬ್ಬರು ಹೇಳಿದಂಗ ಕಾಣ್ತದ, ಹೇಳಿದವ ಒಬ್ಬನೇ."

"ಸರ್ರು ಯಾರ ಕಡೀನೂ ಮಾತಾಡಂಗಿಲ್ಲ ಬಿಡ್ರಿ," ಎಂದ ಹೋಟೆಲಿನವ, "ಚಾದ ಕಡಿ ಬಿಟ್ಟು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೇ ಹಿಗ್ಗಿದೆನೆಂದು ದಿನಚರಿಯಲ್ಲಿದೆ.

ಅದೇ ವಾರ ನಮ್ಮೂರ ನೀರಿನ ಟ್ಯಾಂಕಿನ ಬುಡದಲ್ಲಿದ್ದ ವಾಲ್ವು ಮುರಿಯಿತು. ದೊಡ್ಡ ಓಣಿಗೆ ಎರಡು ದಿನ ನೀರಿಲ್ಲ. ನೀರು ಬಿಡುವವನ ಓಣಿಗೆ ಮಾತ್ರ ಬರುತ್ತಿತ್ತು. ಅವನು ಪಂಚಾಯಿತಿಯ ದಿನಗೂಲಿ. ಮನೆಯಲ್ಲಿ ದಖನಿ ಉರ್ದು, ಟ್ಯಾಂಕಿನ ಹತ್ತಿರ ಕನ್ನಡ. ಅವನ ಓಣಿಯ ಪೈಪು ಆ ವಾಲ್ವಿಗಿಂತ ಮೊದಲೇ ಕವಲೊಡೆಯುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ಲಾಭ ಯಾರಿಗೆ ಎಂಬ ಪ್ರಶ್ನೆ ಸಮುದ್ರ ದಾಟಿ ಬಂದು ಟ್ಯಾಂಕಿನ ಬುಡದಲ್ಲಿ ನಿಂತುಬಿಟ್ಟಿತ್ತು. ಅವನೇ ಬೇಕಂತ ಒಡೆದಿದ್ದಾನೆ, ಕೆಲಸದಿಂದ ತೆಗೆಯಬೇಕು ಎಂದು ಸಾವುಕಾರರು ಅರ್ಜಿ ಕೊಟ್ಟರು. ಶಹಾಪುರದಿಂದ ಬಂದ ಪ್ಲಂಬರ್ ವಾಲ್ವನ್ನು ತಿರುವಿ ನೋಡಿ, "ತುಕ್ಕ ಹಿಡದ್ ಮುರದಿರಬೇಕು, ಇಲ್ಲಾ ಯಾರರ ಹೊಡದಿರಬೇಕು" ಎಂದು ಅಂತಾರಾಷ್ಟ್ರೀಯ ತನಿಖಾ ಸಮಿತಿಗಳಷ್ಟೇ ಸ್ಪಷ್ಟವಾಗಿ ಹೇಳಿ ಹೋದ.

ಪಂಚಾಯಿತಿ ಸಭೆಯಲ್ಲಿ ಸಾವುಕಾರರು ಎದ್ದು ನಿಂತರು. "ಸಾಕ್ಷಿ ಅದ. ಸರ್ರು ಬರಕೊಂಡಾರ. ದಿನಾ ಬರೀತಾರ, ಸುಳ್ಳ ಬರಿಯಂಗಿಲ್ಲ. ತರಸ್ರಿ ಅವರ ಬುಕ್ಕ."

ಬರೆದಿದ್ದೇನೆಂದು ಹೋಟೆಲಿನಲ್ಲಿ ಹೇಳಿಕೊಂಡವನು ನಾನೇ. ಪುಸ್ತಕ ಬಂತು. ಅಧ್ಯಕ್ಷೆ ಕನ್ನಡಕ ಏರಿಸಿ ಓದಿದರು: ನೀರು ಬಿಡುವವನ ಹೆಸರು, ಮುಂದೆ "ಸಂಜೆ ಕಲ್ಲಿನಿಂದ ವಾಲ್ವಿಗೆ ಹೊಡೆದ. ದೊಡ್ಡ ಓಣಿಗೆ ನೀರಿಲ್ಲ." ಅಕ್ಷರ ನನ್ನದು, ಶಾಯಿ ನನ್ನದು. ಅವರು ಓದುತ್ತಿದ್ದಂತೆ ಅವನ ಬಾಗಿದ ಬೆನ್ನು, ಕೈಯಲ್ಲಿನ ಕಲ್ಲು ನನ್ನ ಕಣ್ಣಿಗೆ ಕಟ್ಟಿದವು. ಕಬ್ಬಿಣದ ಸದ್ದು ಕೂಡ ಕೇಳಿಸಿತು. ಹೆದರಿಕೆಯಾದದ್ದು ಆಗಲೇ. ಆ ಸಂಜೆ ನಾನು ಟ್ಯಾಂಕಿನ ಕಡೆ ಹೋಗಿಯೇ ಇರಲಿಲ್ಲ. ಹೋಟೆಲಿನಲ್ಲಿ ಸಾವುಕಾರರು ಹೇಳಿದ್ದನ್ನು ಬರೆದಿದ್ದೆ. "ಸಾವುಕಾರರು ಹೇಳಿದರು" ಎಂಬುದನ್ನು ಬಿಟ್ಟಿದ್ದೆ. ಅದಿಲ್ಲದೆ ವಾಕ್ಯ ಚೆಂದ ಕಂಡಿರಬೇಕು.

"ನಾ ನೋಡಿಲ್ರಿ ಅಕ್ಕಾರ," ಎಂದೆ. "ಸಾವ್ಕಾರ ಹೇಳಿದ್ರು, ನಾ ಬರಕೊಂಡೆ."

ಅಧ್ಯಕ್ಷೆ ಆ ಕಡೆ ತಿರುಗಿದರು. "ನೀವ್ ನೋಡೀರೇನ್ರಿ ಸಾವ್ಕಾರ?"

"ನಾ ಎಲ್ಲಿಂದ ನೋಡ್ಲಿ? ಮಂದಿ ಅಂದ್ರು, ನಾ ಅಂದೆ. ಈಗ ಸರ್ರ ಬುಕ್ಕಿನ್ಯಾಗೇ ಅದ ಅಲ್ರಿ!"

ಯಾರೋ ನಕ್ಕರು. ಆದರೆ ಹಿಂದಿನ ಸಾಲಿನಿಂದ ಇನ್ನೊಂದು ಮಾತೂ ಬಂತು: "ಸರ್ರಿಗಿ ಯಾರೋ ಒತ್ತಡ ಹಾಕ್ಯಾರ, ಅದಕ್ಕ ಮಾತ್ ತಿರುವಾಕತ್ತಾರ." ನಾನು ಮಾತು ಹಿಂತೆಗೆದುಕೊಂಡದ್ದು ಹೀಗೆ ಎರಡನೆಯ ಸಾಕ್ಷಿಯಾಯಿತು.

ಕೊನೆಗೆ ಸಭೆ ನಡುದಾರಿ ಹಿಡಿಯಿತು. ನೀರು ಬಿಡುವವ ಸದ್ಯಕ್ಕೆ ಕೆಲಸದಲ್ಲಿರಲಿ, ಮುಂದಿನ ಸಭೆಯಲ್ಲಿ ಮತ್ತೆ ನೋಡೋಣ. ಹೊಸ ವಾಲ್ವೂ ಸೇರಿ ಊರಿನ ಎಲ್ಲ ವಾಲ್ವು ತಿರುಗಿಸುವ ಪಾನಾ ಮಾತ್ರ ಓಣಿಗೊಬ್ಬರಂತೆ ಮೂವರ ಸಮಿತಿಯ ಕೈಯಲ್ಲಿರಲಿ, ಮೂವರೂ ಒಪ್ಪಿದರೆ ನೀರು. ಮೊದಲ ವಾರ ಒಬ್ಬರು ಯಾದಗಿರಿಗೆ ಹೋಗಿದ್ದರು, ಉಳಿದಿಬ್ಬರ ನಡುವೆ ಮಾತು ಬಿಟ್ಟುಹೋಗಿತ್ತು. ಊರಲ್ಲಿ ಯಾವ ಓಣಿಗೂ ನೀರಿಲ್ಲ. ಇಷ್ಟು ಸಮನಾದ ನ್ಯಾಯ ಜಗತ್ತಿನ ದೊಡ್ಡ ಮಂಡಳಿಗಳಲ್ಲೂ ಸಿಗುವುದು ಕಷ್ಟ. ಬೈಗುಳ ಮಾತ್ರ ಮೊದಲಿನಂತೆ ನೀರು ಬಿಡುವವನ ಮನೆಗೇ ಹೋಗುತ್ತಿತ್ತು.

ಒಂದು ಮುಂಜಾನೆ ಅವನು ನಮ್ಮ ಕಟ್ಟೆಗೆ ಬಂದು ಕುಳಿತ.

"ಪಾನಾ ಹೋದ್ರ ಹೋಗ್ಲಿ ಸರ್ರ. ಮುಂದಿನ ಮೀಟಿಂಗಿನ್ಯಾಗ ಮತ್ತ ಆ ಬುಕ್ಕ ತೆಗೀತಾರ. ಕೆಲಸ ಹೋಗ್ತದ. ನನ್ ಹೆಸರ್ ಹೊಡದ್ ಹಾಕ್ರಿ."

ನಾನು ತರಗತಿಯ ದನಿಯಲ್ಲಿ ಶುರು ಮಾಡಿದೆ. ಹೊಡೆದು ಹಾಕಿದರೆ ದಾಖಲೆ ತಿದ್ದಿದ ಹಾಗಾಗುತ್ತದೆ, ಅನುಮಾನ ಹೆಚ್ಚುತ್ತದೆ. ಅದರ ಬದಲು ಪಕ್ಕದಲ್ಲಿ, ನಾನು ನೋಡಿಲ್ಲ, ಹೇಳಿದವರು ಇಂಥವರು ಎಂದು ಬರೆದರೆ ಹೆಚ್ಚು ಗಟ್ಟಿ. ಅವನು ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡ.

"ಖರೇ ಅದ ಸರ್ರ. ಆದ್ರ ಬರಿಯಾಗ ಇಷ್ಟ್ ವಿಚಾರ ಮಾಡಿಲ್ಲ, ಹೊಡಿಯಾಗ ಎಷ್ಟ್ ವಿಚಾರ ಮಾಡಾಕತ್ತೀರಿ!"

ಪುಸ್ತಕ ತಂದೆ. ಮೊದಲು ಪಕ್ಕದಲ್ಲಿ ಬರೆಯಬೇಕಾದ್ದನ್ನು ಬರೆದು ಅವನಿಗೆ ಓದಿ ಹೇಳಿದೆ. ಆಮೇಲೆ ಅವನ ಹೆಸರಿನ ಮೇಲೆ ಒಂದು ಗೆರೆ ಎಳೆದೆ. ಅವನು ಬಗ್ಗಿ ನೋಡಿದ.

"ಇನ್ನಾ ಕಾಣ್ತದ್ರಿ."

ಇನ್ನೊಂದು ಗೆರೆ ಎಳೆದೆ.

"ಇನ್ನಾ ಕಾಣ್ತದ."

ಪೆನ್ನನ್ನು ಅವನ ಕೈಗೇ ಕೊಟ್ಟೆ.