ಉಂಡ ಮನೆಯ ಮ್ಯಾಟ್ ಎತ್ತಬಾರದು

"ಕಾರು ನೋಡಕ್ಕೆ ಮೊದ್ಲು ಉಂಡ್ರಾ ಸಾ, ನೋಡಿದ್ಮೇಲೆ ಉಂಡ್ರಾ?"

ನಾನು ಕೊಂಡು ತಂದ ಹಳೇ ಎಸ್ಟೇಟ್ ಕಾರಿನ ಅಡಿಯಿಂದ ಹೊರಬಂದ ಮೆಕ್ಯಾನಿಕ್ ನಿಂಗರಾಜು ಕೇಳಿದ ಮೊದಲ ಪ್ರಶ್ನೆ ಇದು. ಎಂಜಿನ್ ಬಗ್ಗೆ ಅಲ್ಲ, ಮಾರಿದವರ ಮನೆಯಲ್ಲಿ ಉಂಡೆ ಎಂದು ನಾನು ಹೇಳಿದ್ದ ಊಟದ ಬಗ್ಗೆ!

"ಮೊದಲೇ" ಅಂದೆ.

"ಆಯ್ತು ಬುಡಿ" ಅಂದ.

ಈ ವಯಸ್ಸಿನಲ್ಲಿ ನನಗೆ ಕಾರಿನ ಶೋಕಿ ಹತ್ತಿದ್ದಲ್ಲ. ಸೊಂಟದ ಆಪರೇಷನ್ ಆದ ಹೆಂಡತಿ ಗಿರಿಜಾಳನ್ನು ವಾರಕ್ಕೆರಡು ಸಲ ನಂಜನಗೂಡಿನಿಂದ ಮೈಸೂರಿಗೆ ಫಿಸಿಯೋಥೆರಪಿಗೆ ಕರೆದೊಯ್ಯಬೇಕು. ಆಟೋದಲ್ಲಿ ಕಾಲು ಮಡಚಿ ಕೂತರೆ ಅವಳಿಗೆ ಪ್ರಾಣ ಹೋಗುವಷ್ಟು ನೋವು. ಉದ್ದ ಡಿಕ್ಕಿಯ ಎಸ್ಟೇಟ್ ಕಾರಾದರೆ ಹಿಂದಿನ ಸೀಟು ಮಡಚಿ, ಡಿಕ್ಕಿಯವರೆಗೂ ಹಾಸಿಗೆ ಹಾಸಿ ಮಲಗಿಸಬಹುದು. ಆದರೆ ಅಂಥ ಕಾರು ಈಗ ಸಿಗಬೇಕಲ್ಲ? ಹುಡುಕಿ ಹುಡುಕಿ ಸುಸ್ತಾದೆ. ಕೊನೆಗೆ ಸಿಕ್ಕಿದ್ದು ಟಿ. ನರಸೀಪುರದ ಕಡೆ, ಸೋಮನಾಥಪುರದ ಹತ್ತಿರದ ಹಳ್ಳಿಯಲ್ಲಿ, ಶಿವಮಲ್ಲಪ್ಪ ಎಂಬ ರೈತರ ಮನೆಯಲ್ಲಿ.

ನಾನೇನು ದಡ್ಡನಲ್ಲ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸು, ಆರ್‌ಸಿ ನೋಡು, ಟೈರು ನೋಡು, ಮ್ಯಾಟ್ ಎತ್ತಿ ತುಕ್ಕು ನೋಡು ಎಂದೆಲ್ಲ ಚೀಟಿ ಬರೆದುಕೊಂಡೇ ಹೋಗಿದ್ದೆ. (ನಿಂಗರಾಜುಗೆ ಅವತ್ತು ಬಿಡುವಿರಲಿಲ್ಲ. ನನಗೆ ಕಾಯುವ ತಾಳ್ಮೆ ಇರಲಿಲ್ಲ.)

"ಕಾರೆಲ್ಲಿ ಓಯ್ತದೆ ಸಾ? ಮೊದ್ಲು ಊಟ ಮಾಡಿ ಬನ್ನಿ" ಅಂದರು ಶಿವಮಲ್ಲಪ್ಪ.

ಬೇಡ ಅನ್ನಲಾದೀತೇ? ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಅವರ ತಾಯಿ ಪಕ್ಕದಲ್ಲೇ ಕೂತು, ಬೇಡವೆಂದರೂ ತುಪ್ಪ ಬಡಿಸಿದರು. ಗಿರಿಜಾ ಕಾಯಿಲೆ ಬಿದ್ದ ಮೇಲೆ ನನಗೆ ಯಾರೂ ಹಾಗೆ ಕೂತು ಬಡಿಸಿರಲಿಲ್ಲ. ಕಣ್ಣು ಮಂಜಾಯಿತು, ಸುಳ್ಳೇಕೆ ಹೇಳಲಿ?

ಉಂಡು ಕೈ ತೊಳೆದು ಕಾರಿನ ಹತ್ತಿರ ಬಂದೆ. ಡಿಕ್ಕಿ ತೆಗೆದು ಮ್ಯಾಟಿನ ಅಂಚು ಹಿಡಿದೆ.

"ಏನ್ ಸಾ, ನಮ್ಮನೇಲಿ ಉಂಡು ನಮ್ ಮೇಲೇ ಅನುಮಾನ್ವಾ?" ಶಿವಮಲ್ಲಪ್ಪ ನಗುತ್ತಲೇ ಕೇಳಿದರು. ಬಾಗಿಲಲ್ಲಿ ಅವರ ತಾಯಿ ನಿಂತಿದ್ದರು.

ಮ್ಯಾಟ್ ಬಿಟ್ಟೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕಲಿತು ಬೆಳೆದವನು ನಾನು. ಚೀಟಿ ಜೇಬಿನಲ್ಲೇ ಉಳಿಯಿತು.

ಕಾರು ಕೊಂಡು ತಂದ ಮೇಲೆ ಆ ಮ್ಯಾಟನ್ನು ನಿಂಗರಾಜು ಎತ್ತಿದ. ವರ್ಷಗಟ್ಟಲೆ ಒದ್ದೆ ಹಾಲಿನ ಕ್ಯಾನು ಸಾಗಿಸಿದ ಕಾರಂತೆ. ತಗಡು ಹಪ್ಪಳದ ಹಾಗೆ ಮುರಿಯಿತು, ತೂತಿನಲ್ಲಿ ನೆಲ ಕಂಡಿತು.

"ಅಮ್ಮಾವ್ರನ್ನ ಇದ್ರ ಮ್ಯಾಲಾ ಮನಗ್ಸದು?" ಅಂದ.

ಶಿವಮಲ್ಲಪ್ಪನವರನ್ನು ಬೈಯಲು ಮನಸ್ಸು ಬರಲಿಲ್ಲ. ಮ್ಯಾಟ್ ಬಿಟ್ಟ ಕೈ ನನ್ನದೇ ತಾನೆ? ನಾಲ್ಕು ಜನರೆದುರು ಒಳ್ಳೆಯವನಾಗಿ ಕಾಣಲು ನಾವು ಎಷ್ಟು ಮ್ಯಾಟುಗಳನ್ನು ಹೀಗೇ ಬಿಟ್ಟಿದ್ದೇವೆ? ಅದರ ನೋವು ತಿನ್ನುವವರು ಮಾತ್ರ ಮನೆಯಲ್ಲಿರುತ್ತಾರೆ.

ಕಾರೀಗ ವೆಲ್ಡಿಂಗ್ ಶಾಪಿನಲ್ಲಿದೆ. ನಿನ್ನೆ ಮತ್ತೆ ಆಟೋ. ರಸ್ತೆಯ ಪ್ರತಿ ಹಂಪ್‌ಗೂ ಗಿರಿಜಾ ಹಲ್ಲು ಕಚ್ಚಿ ನನ್ನ ತೋಳು ಹಿಡಿಯುತ್ತಿದ್ದಳು. ಕಡಕೊಳ ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

"ಸಾರಾದ್ರೂ ಚೆನ್ನಾಗಿತ್ತೇನ್ರೀ?"